ಮನೆತನದಲ್ಲಿ ಹರಿದುಬರುವ ಹೃದಯಕಾಯಿಲೆ: ಜೀನ್ ಪರೀಕ್ಷೆ ಯಾರಿಗೆ, ಯಾವಾಗ, ಏಕೆ

ಶ್ರಾದ್ಧದ ದಿನ ಉತ್ತರ ಕನ್ನಡದ ಎಷ್ಟೋ ಮನೆಗಳಲ್ಲಿ ಮೂರು ತಲೆಮಾರಿನ ಹೆಸರು ಹೇಳಿ ಪಿಂಡ ಇಡುತ್ತಾರೆ. ಅಪ್ಪ, ಅಜ್ಜ, ಮುತ್ತಜ್ಜನ ಹೆಸರುಗಳು ತಡವರಿಸದೆ ಬರುತ್ತವೆ. ಅವರು ಎಷ್ಟನೇ ವಯಸ್ಸಿನಲ್ಲಿ, ಹೇಗೆ ತೀರಿಕೊಂಡರು ಎಂದು ಕೇಳಿದರೆ ಮಾತ್ರ ಅರ್ಧ ವಾಕ್ಯದ ಉತ್ತರ ಸಿಗುತ್ತದೆ. ‘ಸಣ್ಣ ಪ್ರಾಯದಲ್ಲೇ ಹೋದ.’ ‘ರಾತ್ರಿ ಮಲಗಿದವನು ಬೆಳಿಗ್ಗೆ ಏಳಲಿಲ್ಲ.’ ‘ಈಜು ಚೆನ್ನಾಗಿ ಬರುತ್ತಿತ್ತು, ಆದರೂ ಹೊಳೆಯಲ್ಲಿ ಮುಳುಗಿದ.’ ಹೃದ್ರೋಗ ತಜ್ಞರು ಬಹಳ ಕಾಳಜಿಯಿಂದ ಕೇಳಿಸಿಕೊಳ್ಳಬೇಕಾದ ಮಾತುಗಳು ಇವೇ. ವಂಶವಾಹಿಯಾಗಿ ಬರುವ ಹೃದಯಕಾಯಿಲೆಯ ಮೊದಲ ತಪಾಸಣೆ ನಡೆಯುವುದು ಪ್ರಯೋಗಾಲಯದಲ್ಲಲ್ಲ, ಮನೆಯ ಜಗಲಿಯಲ್ಲಿ. ಅದಕ್ಕೆ ಒಂದು ರೂಪಾಯಿಯೂ ಬೇಕಿಲ್ಲ.

ಮೊದಲು ಒಂದು ಗೊಂದಲ ಬಿಡಿಸಬೇಕು. ನಮ್ಮ ಸುತ್ತ ಕಾಣುವ ಹೃದಯಾಘಾತಗಳಲ್ಲಿ ಹೆಚ್ಚಿನವು ಒಂದೇ ಒಂದು ಜೀನಿನ ದೋಷದಿಂದ ಆಗುವಂಥವಲ್ಲ. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಬೀಡಿ ಸಿಗರೇಟು, ಕವಳದೊಂದಿಗಿನ ತಂಬಾಕು, ಮೈಗೆ ಕೆಲಸವಿಲ್ಲದ ಬದುಕು, ಜೊತೆಗೆ ಸಣ್ಣಪುಟ್ಟ ನೂರಾರು ಆನುವಂಶಿಕ ಒಲವುಗಳು ಸೇರಿ ವರ್ಷಾನುಗಟ್ಟಲೆ ರಕ್ತನಾಳವನ್ನು ಕೆಡಿಸುತ್ತವೆ. ಅದಕ್ಕೆ ಜೀನ್ ಪರೀಕ್ಷೆ ಮಾಡಿಸಿ ಪ್ರಯೋಜನ ಕಡಿಮೆ. ರಕ್ತದೊತ್ತಡ ಅಳೆಸಿ, ತಂಬಾಕು ಬಿಟ್ಟರೆ ಹೆಚ್ಚು ಲಾಭ. ಈ ಲೇಖನ ಬೇರೆ ಒಂದು ಗುಂಪಿನ ಕಾಯಿಲೆಗಳ ಬಗ್ಗೆ. ಇವುಗಳಲ್ಲಿ ಒಂದು ಜೀನಿನ ಒಂದು ಬದಲಾವಣೆಯೇ ಮುಖ್ಯ ಕಾರಣ. ಅದು ತಂದೆಯಿಂದಲೋ ತಾಯಿಯಿಂದಲೋ ಮಕ್ಕಳಿಗೆ ಇಳಿಯುತ್ತದೆ, ನೋಡಲು ಗಟ್ಟಿಮುಟ್ಟಾಗಿರುವವರಲ್ಲಿಯೂ ಅಡಗಿರುತ್ತದೆ.

ಇವುಗಳಲ್ಲಿ ಹೆಚ್ಚು ಪರಿಚಿತವಾದದ್ದು ಹೃದಯದ ಸ್ನಾಯು ಕಾರಣವಿಲ್ಲದೆ ದಪ್ಪವಾಗುವ ಕಾಯಿಲೆ, ಹೈಪರ್‌ಟ್ರೋಫಿಕ್ ಕಾರ್ಡಿಯೊಮಯೊಪತಿ. ವೈದ್ಯರು ಚುಟುಕಾಗಿ ಎಚ್‌ಸಿಎಂ ಎನ್ನುತ್ತಾರೆ. ಸುಮಾರು 500 ಮಂದಿಯಲ್ಲಿ ಒಬ್ಬರಿಗೆ ಇದು ಇರುತ್ತದೆ ಎಂಬುದು ಜಗತ್ತಿನ ಬೇರೆ ಬೇರೆ ಕಡೆಯ ಅಧ್ಯಯನಗಳ ಲೆಕ್ಕ. ವಯಸ್ಕರ ಹೃದಯದ ಎಡ ಕೆಳಕೋಣೆಯ ಗೋಡೆ ಸಾಮಾನ್ಯವಾಗಿ 12 ಮಿಲಿಮೀಟರ್ ದಾಟುವುದಿಲ್ಲ. ರಕ್ತದೊತ್ತಡದಂಥ ಬೇರೆ ಕಾರಣವಿಲ್ಲದೆ ಅದು 15 ಮಿಲಿಮೀಟರ್ ಮುಟ್ಟಿದರೆ ಎಚ್‌ಸಿಎಂ ಎನ್ನುತ್ತಾರೆ. ಮನೆಯಲ್ಲಿ ಈಗಾಗಲೇ ಒಬ್ಬರಿಗೆ ಇದ್ದರೆ 13 ಮಿಲಿಮೀಟರ್ ಕಂಡರೂ ಸಾಕು. ಸ್ನಾಯುವಿನ ಎಳೆಗಳನ್ನು ಕಟ್ಟುವ ಪ್ರೋಟೀನುಗಳ ಜೀನುಗಳಲ್ಲಿ ದೋಷವಿರುತ್ತದೆ. ಅವುಗಳ ಪೈಕಿ ಎಂವೈಎಚ್7 ಮತ್ತು ಎಂವೈಬಿಪಿಸಿ3 ಎಂಬ ಎರಡು ಮುಖ್ಯ. ಮೊದಲನೆಯದರ ಕೈವಾಡ 1990ರಲ್ಲಿ ಪತ್ತೆಯಾಯಿತು.

ಎಚ್‌ಸಿಎಂ ಎಂದ ತಕ್ಷಣ ಆಟದ ಮೈದಾನದಲ್ಲಿ ಕುಸಿದು ಬೀಳುವ ಯುವಕನ ಚಿತ್ರ ಕಣ್ಣ ಮುಂದೆ ಬರುತ್ತದೆ. ಅಂಥದ್ದು ನಡೆಯುತ್ತದೆ, ನಿಜ. ಆದರೆ ಈ ಕಾಯಿಲೆ ಇರುವವರನ್ನೆಲ್ಲ ಒಟ್ಟಾಗಿ ನೋಡಿದರೆ ಹಠಾತ್ ಸಾವಿನ ಅಪಾಯ ವರ್ಷಕ್ಕೆ ಶೇಕಡಾ 1ಕ್ಕಿಂತ ಕಡಿಮೆ. ಹೆಚ್ಚಿನವರು ಚಿಕಿತ್ಸೆ, ನಿಗಾ ಇದ್ದರೆ ಪೂರ್ಣ ಆಯಸ್ಸು ಬಾಳುತ್ತಾರೆ. ಯಾರಿಗೆ ಹೆಚ್ಚು ಅಪಾಯ ಎಂದು ಮೊದಲೇ ಗುರುತಿಸುವುದೇ ಇಲ್ಲಿ ಮುಖ್ಯ.

ಎರಡನೆಯ ಗುಂಪಿನಲ್ಲಿ ಹೃದಯದ ಆಕಾರ ಸರಿಯಾಗಿಯೇ ಇರುತ್ತದೆ, ಅದರ ವಿದ್ಯುತ್ ಚಲನೆ ಕೆಟ್ಟಿರುತ್ತದೆ. ಲಾಂಗ್ ಕ್ಯೂಟಿ ಸಿಂಡ್ರೋಮ್ ಇವುಗಳಲ್ಲಿ ಪ್ರಮುಖ. ಸುಮಾರು 2000 ಮಂದಿಯಲ್ಲಿ ಒಬ್ಬರಿಗೆ. ಒಂದು ಬಡಿತದ ನಂತರ ಹೃದಯ ಮತ್ತೆ ಸಜ್ಜಾಗಲು ತೆಗೆದುಕೊಳ್ಳುವ ಸಮಯ (ಇಸಿಜಿಯಲ್ಲಿ ಇದನ್ನು ಕ್ಯೂಟಿ ಎನ್ನುತ್ತಾರೆ) ಉದ್ದವಾಗುತ್ತದೆ, ಆ ಹೊತ್ತಿನಲ್ಲಿ ತಾಳ ತಪ್ಪಿದರೆ ವ್ಯಕ್ತಿ ಎಚ್ಚರ ತಪ್ಪಿ ಬೀಳುತ್ತಾನೆ. ಯಾವ ಜೀನು ಕೆಟ್ಟಿದೆ ಎಂಬುದರ ಮೇಲೆ ಆಪತ್ತಿನ ಹೊತ್ತೂ ಬೇರೆಯಾಗುತ್ತದೆ. ಮೊದಲ ಬಗೆಯವರಿಗೆ ಓಟ, ಅದಕ್ಕಿಂತಲೂ ಈಜು ಅಪಾಯ. ಎರಡನೆಯ ಬಗೆಯವರಿಗೆ ನಿದ್ದೆಯಲ್ಲಿದ್ದಾಗ ಅಲಾರಂ ಅಥವಾ ಫೋನು ಥಟ್ಟನೆ ಬಡಿದುಕೊಳ್ಳುವುದು. ಮೂರನೆಯ ಬಗೆಯವರಿಗೆ ವಿಶ್ರಾಂತಿ, ನಿದ್ದೆಯ ಸಮಯ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿಗಳ ನಡುವೆ, ಕಡಲಿನ ಅಂಚಿನಲ್ಲಿ ಬದುಕುವ ನಮಗೆ ಮೊದಲನೆಯ ಬಗೆಯ ಬಗ್ಗೆ ವಿಶೇಷ ಎಚ್ಚರ ಬೇಕು. ಈಜು ಬಲ್ಲ ಹುಡುಗ ಶಾಂತ ನೀರಿನಲ್ಲಿ ಮುಳುಗಿದರೆ ‘ಸುಳಿಗೆ ಸಿಕ್ಕಿದ’ ಎಂದು ಮುಗಿಸಿಬಿಡುತ್ತೇವೆ. ಕೆಲವೊಮ್ಮೆ ನೀರು ಕೇವಲ ಸ್ಥಳವಾಗಿರುತ್ತದೆ, ಕಾರಣ ಹೃದಯದಲ್ಲಿರುತ್ತದೆ.

ಇದೇ ಗುಂಪಿನ ಬ್ರುಗಾಡಾ ಸಿಂಡ್ರೋಮ್ 1992ರಲ್ಲಿ ವರದಿಯಾಯಿತು. ಹೆಚ್ಚಾಗಿ ಗಂಡಸರಲ್ಲಿ, ನಿದ್ದೆಯಲ್ಲಿ ಅಥವಾ ಜ್ವರ ಏರಿದಾಗ ಕೆರಳುತ್ತದೆ. ಇದು ಇರುವವರು ಜ್ವರ ಬಂದರೆ ಕಷಾಯ ಕುಡಿದು ಕಾಯುತ್ತ ಕೂರಬಾರದು, ತಕ್ಷಣ ಜ್ವರ ಇಳಿಸಿಕೊಳ್ಳಬೇಕು. ಇನ್ನು ಮಹಾಪಧಮನಿ ಹಿಗ್ಗುವ ಮಾರ್ಫಾನ್ ಸಿಂಡ್ರೋಮ್, ಹೃದಯ ಹಿಗ್ಗಿ ಬಲಗುಂದುವ ಡೈಲೇಟೆಡ್ ಕಾರ್ಡಿಯೊಮಯೊಪತಿಯಂಥವೂ ಇವೆ. ಅವನ್ನು ಇಲ್ಲಿ ಹೆಸರಿಸಿ ಮುಂದೆ ಹೋಗುತ್ತೇನೆ.

ಮೂರನೆಯದು ಕೊಲೆಸ್ಟರಾಲಿಗೆ ಸಂಬಂಧಿಸಿದ್ದು. ನನ್ನ ಅಭಿಪ್ರಾಯದಲ್ಲಿ ನಮ್ಮ ಜಿಲ್ಲೆಯಲ್ಲಿ ಎಲ್ಲಕ್ಕಿಂತ ಮೊದಲು ಹುಡುಕಬೇಕಾದದ್ದು ಇದನ್ನೇ. ಏಕೆಂದರೆ ಇದು ಉಳಿದವಕ್ಕಿಂತ ಹೆಚ್ಚು ಜನರಲ್ಲಿದೆ, ಹುಡುಕುವ ಪರೀಕ್ಷೆ ಅಗ್ಗ, ಔಷಧವೂ ಅಗ್ಗ. ಸುಮಾರು 250ರಿಂದ 300 ಮಂದಿಯಲ್ಲಿ ಒಬ್ಬರಿಗೆ ರಕ್ತದಿಂದ ಕೆಟ್ಟ ಕೊಲೆಸ್ಟರಾಲನ್ನು ಹೊರತೆಗೆಯುವ ವ್ಯವಸ್ಥೆ ಹುಟ್ಟಿನಿಂದಲೇ ಅರ್ಧ ಕೆಟ್ಟಿರುತ್ತದೆ. ಈ ವ್ಯವಸ್ಥೆಯನ್ನು ಬಿಡಿಸಿ ತೋರಿಸಿದ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೈನ್ ಅವರಿಗೆ 1985ರಲ್ಲಿ ನೊಬೆಲ್ ಬಂತು. ಚಿಕಿತ್ಸೆ ಇಲ್ಲದಿದ್ದರೆ ಈ ದೋಷವಿರುವ ಗಂಡಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ 50 ತುಂಬುವುದರೊಳಗೆ ಹೃದಯದ ರಕ್ತನಾಳದ ತೊಂದರೆ ಕಾಣಿಸಿಕೊಳ್ಳುತ್ತದೆ. ತೆಳ್ಳಗಿರುವವರಿಗೂ, ಎಣ್ಣೆ ಮುಟ್ಟದವರಿಗೂ ಇದು ಬಿಟ್ಟಿದ್ದಲ್ಲ. ವಯಸ್ಕರ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟರಾಲ್) 190 ದಾಟಿದ್ದರೆ, ಹಿಮ್ಮಡಿಯ ಮೇಲಿನ ಸ್ನಾಯುರಜ್ಜು ಗಂಟುಗಂಟಾಗಿ ದಪ್ಪವಾಗಿದ್ದರೆ, ಚಿಕ್ಕ ವಯಸ್ಸಿನಲ್ಲೇ ಕಣ್ಣಿನ ಕಪ್ಪುಗುಡ್ಡೆಯ ಸುತ್ತ ಬಿಳಿ ಬಳೆ ಕಂಡರೆ ವೈದ್ಯರಲ್ಲಿ ಈ ಪ್ರಶ್ನೆ ಎತ್ತಲೇಬೇಕು. ಇದಕ್ಕೆ ಬೇಕಾದ ರಕ್ತಪರೀಕ್ಷೆ ಶಿರಸಿ, ಕುಮಟಾ, ಕಾರವಾರದ ಯಾವ ಲ್ಯಾಬಿನಲ್ಲಿಯೂ ಆಗುತ್ತದೆ.

ಈಗ ಜಗಲಿಯ ಮಾತಿಗೆ ಬರೋಣ. ಮನೆಯ ಹಿರಿಯರನ್ನು ಕೂರಿಸಿಕೊಂಡು ಒಂದು ದೊಡ್ಡ ಹಾಳೆಯಲ್ಲಿ ವಂಶಾವಳಿ ಬರೆಯಿರಿ. ಇಲ್ಲಿ ಒಂದು ವಿಷಯದಲ್ಲಿ ನಮ್ಮ ರೂಢಿ ನಮಗೆ ಅಡ್ಡಬರುತ್ತದೆ. ನಾವು ವಂಶ ಬರೆಯುವುದು ಗಂಡುಮಕ್ಕಳ ಸಾಲಿನಲ್ಲಿ. ಮದುವೆಯಾಗಿ ಹೊನ್ನಾವರಕ್ಕೋ ಸಿದ್ದಾಪುರಕ್ಕೋ ಹೋದ ಅತ್ತೆ, ಅವಳ ಮಕ್ಕಳು ಹಾಳೆಯಿಂದ ಹೊರಗುಳಿಯುತ್ತಾರೆ. ಗೋತ್ರ ಅಪ್ಪನಿಂದ ಬರಬಹುದು, ಜೀನು ಇಬ್ಬರಿಂದಲೂ ಸಮವಾಗಿ ಬರುತ್ತದೆ. ಆದ್ದರಿಂದ ಅಮ್ಮನ ತವರು, ಅಜ್ಜಿಯ ತವರು, ಅತ್ತೆ, ಚಿಕ್ಕಮ್ಮಂದಿರ ಮನೆ ಎಲ್ಲವೂ ಅದರಲ್ಲಿರಬೇಕು.

ಪ್ರತಿಯೊಬ್ಬರ ಹೆಸರಿನ ಕೆಳಗೆ ತೀರಿಕೊಂಡ ವಯಸ್ಸು, ಆಗ ಏನು ಮಾಡುತ್ತಿದ್ದರು ಎಂದು ಬರೆಯಿರಿ. 50ರ ಒಳಗಿನ ಹಠಾತ್ ಸಾವು, ಕಾರಣ ತಿಳಿಯದೆ ಹೋದ ಶಿಶು, ಎದುರಿಗೆ ವಾಹನವೇ ಇಲ್ಲದೆ ನಡೆದ ಬೈಕ್ ಅಪಘಾತ, ಅಡಿಕೆ ಮರ ಏರಿದ ಕೊನೆಗೌಡ ಕೈ ಜಾರದೆಯೇ ಎಚ್ಚರ ತಪ್ಪಿ ಬಿದ್ದದ್ದು, ಬಲೆ ಎಳೆಯುವಾಗ ಕುಸಿದದ್ದು, ಎಲ್ಲವೂ ದಾಖಲಾಗಲಿ. ಬದುಕಿರುವವರಲ್ಲಿ ಓಡುವಾಗ ಅಥವಾ ಗಾಬರಿಯಾದಾಗ ತಲೆತಿರುಗಿ ಬೀಳುವವರನ್ನು ಗುರುತು ಮಾಡಿ. ‘ಫಿಟ್ಸ್’ ಎಂದು ವರ್ಷಗಟ್ಟಲೆ ಮಾತ್ರೆ ನುಂಗಿಯೂ ಗುಣ ಕಾಣದವರಲ್ಲಿ ಕೆಲವರದು ವಾಸ್ತವವಾಗಿ ಹೃದಯದ ತಾಳ ತಪ್ಪುವ ಕಾಯಿಲೆಯಾಗಿರುತ್ತದೆ. ಬಿಸಿಲಿನಲ್ಲಿ ನಿಂತು ನಿಂತು ಕಣ್ಣು ಕತ್ತಲೆ ಬಂದು ಬೀಳುವುದು ಸಾಮಾನ್ಯ, ಹೆಚ್ಚಾಗಿ ನಿರುಪದ್ರವಿ. ಓಟದ ನಡುವೆ ಯಾವ ಮುನ್ಸೂಚನೆಯೂ ಇಲ್ಲದೆ ಬೀಳುವುದು ಹಾಗಲ್ಲ. ಕೆಲವು ಮನೆಗಳಲ್ಲಿ ಇಂಥ ಸಾವುಗಳನ್ನು ದೋಷವೆಂದು ತಿಳಿದು ದೇವರ ಮೊರೆ ಹೋಗಿರುತ್ತಾರೆ. ಆ ನಂಬಿಕೆಯ ಜೊತೆಗೆ ಜಗಳ ಬೇಕಿಲ್ಲ. ಪೂಜೆ ಮಾಡಿಸಿದ ಮನೆಯವರೇ ಒಂದು ಇಸಿಜಿಯನ್ನೂ ಮಾಡಿಸಿಕೊಳ್ಳಲಿ.

ಹಾಳೆಯಲ್ಲಿ ಅನುಮಾನದ ಗುರುತು ಕಂಡರೆ ಮೊದಲ ಹೆಜ್ಜೆ ಇಸಿಜಿ, ಎಕೋ (ಹೃದಯದ ಸ್ಕ್ಯಾನ್), ಕೊಲೆಸ್ಟರಾಲ್ ಪರೀಕ್ಷೆ. ಇಸಿಜಿ ತಾಲ್ಲೂಕು ಆಸ್ಪತ್ರೆಯಲ್ಲೇ ಆಗುತ್ತದೆ. ಎಕೋ ನೋಡಿ ತೀರ್ಮಾನ ಹೇಳಲು ಹೃದ್ರೋಗ ತಜ್ಞರು ಬೇಕು. ಅದಕ್ಕೆ ಹುಬ್ಬಳ್ಳಿ, ಮಣಿಪಾಲ, ಮಂಗಳೂರು ಅಥವಾ ಗೋವಾದ ಬಾಂಬೋಳಿ ನಮ್ಮವರ ದಾರಿ. ಇಲ್ಲಿ ಒಂದು ಎಚ್ಚರಿಕೆ: ಒಂದು ಇಸಿಜಿ ಸರಿಯಿದ್ದ ಮಾತ್ರಕ್ಕೆ ಎಲ್ಲ ಸರಿಯಿದೆ ಎಂದುಕೊಳ್ಳಬಾರದು. ಲಾಂಗ್ ಕ್ಯೂಟಿಯ ಜೀನು ಇರುವವರಲ್ಲಿ ಸುಮಾರು ಕಾಲು ಭಾಗದಷ್ಟು ಮಂದಿಯ ಇಸಿಜಿ ವಿಶ್ರಾಂತಿಯಲ್ಲಿ ಸಹಜವಾಗಿಯೇ ಕಾಣುತ್ತದೆ. ಎಚ್‌ಸಿಎಂನಲ್ಲಿ ಗೋಡೆ ದಪ್ಪವಾಗುವುದು ಹದಿಹರೆಯದಲ್ಲಿಯೂ ಆಗಬಹುದು, ನಲವತ್ತರ ನಂತರವೂ ಆಗಬಹುದು. ಆದ್ದರಿಂದಲೇ ಜೀನ್ ಪರೀಕ್ಷೆಗೆ ಬೆಲೆ ಬರುವುದು.

ಆದರೆ ಅದಕ್ಕೊಂದು ಕ್ರಮವಿದೆ. ಮನೆಯಲ್ಲಿ ಕಾಯಿಲೆ ಖಚಿತವಾದವರ ರಕ್ತವನ್ನು ಮೊದಲು ಪರೀಕ್ಷಿಸಬೇಕು, ಆರೋಗ್ಯವಾಗಿರುವವರದ್ದನ್ನಲ್ಲ. ತೋಟಕ್ಕೆ ಯಾವ ರೋಗ ಬಂದಿದೆಯೆಂದು ತಿಳಿಯಲು ಕೊಳೆತು ಉದುರಿದ ಕಾಯಿಯನ್ನು ಒಯ್ದು ತೋರಿಸುತ್ತೇವೆ, ನಳನಳಿಸುವ ಮರದ ಕಾಯಿಯನ್ನಲ್ಲ, ಇಲ್ಲಿಯೂ ಹಾಗೆಯೇ. ಗಾಬರಿಯಿಂದ ಆರೋಗ್ಯವಂತ ತಮ್ಮನೇ ಮೊದಲು ಪರೀಕ್ಷೆ ಮಾಡಿಸಿಕೊಂಡು ‘ಏನೂ ಸಿಗಲಿಲ್ಲ’ ಎಂಬ ವರದಿ ಪಡೆದರೆ ಅದರಿಂದ ಏನನ್ನೂ ಹೇಳಲಾಗದು. ಅವನಿಗೆ ದೋಷ ಬಂದಿಲ್ಲವೋ, ಆ ಮನೆತನದ ದೋಷ ಈಗಿನ ಪರೀಕ್ಷೆಯ ಕಣ್ಣಿಗೆ ಬೀಳುವಂಥದ್ದೇ ಅಲ್ಲವೋ ಗೊತ್ತಾಗುವುದಿಲ್ಲ. ಎಚ್‌ಸಿಎಂ ಇರುವವರಲ್ಲಿಯೂ ಶೇಕಡಾ 30ರಿಂದ 60ರಷ್ಟು ಮಂದಿಯಲ್ಲಿ ಮಾತ್ರ ಕಾರಣವಾದ ಬದಲಾವಣೆ ಸಿಗುತ್ತದೆ.

ಪರೀಕ್ಷೆಗೆ ಬೇಕಾದದ್ದು ಕೆಲವೇ ಮಿಲಿಲೀಟರ್ ರಕ್ತ. ಪ್ರಯೋಗಾಲಯ ಹೃದಯಕ್ಕೆ ಸಂಬಂಧಿಸಿದ ಹತ್ತಾರು ಜೀನುಗಳನ್ನು ಒಟ್ಟಿಗೆ ಓದುತ್ತದೆ, ವರದಿ ಬರಲು ಕೆಲವು ವಾರಗಳು ಹಿಡಿಯುತ್ತವೆ. ಸಿಕ್ಕ ಬದಲಾವಣೆಯನ್ನು ಐದು ದರ್ಜೆಗಳಲ್ಲಿ ಒಂದಕ್ಕೆ ಹಾಕುತ್ತಾರೆ: ರೋಗಕಾರಕ, ಬಹುಶಃ ರೋಗಕಾರಕ, ಅರ್ಥ ಖಚಿತವಾಗದ್ದು, ಬಹುಶಃ ನಿರುಪದ್ರವಿ, ನಿರುಪದ್ರವಿ. ನಡುವಿನ ದರ್ಜೆಯೇ ಹೆಚ್ಚು ಕಾಟ ಕೊಡುವುದು. ವರದಿಯಲ್ಲಿ ಏನೋ ಬಂದಿದೆ ಎಂದು ಕುಟುಂಬ ಕಂಗಾಲಾಗುತ್ತದೆ, ಕೆಲವರು ಮಕ್ಕಳ ರಕ್ತವನ್ನೂ ಕೊಟ್ಟುಬಿಡುತ್ತಾರೆ. ಅರ್ಥ ಖಚಿತವಾಗದ ಬದಲಾವಣೆಯನ್ನು ನೆಚ್ಚಿ ಆರೋಗ್ಯವಂತ ಸಂಬಂಧಿಕರಿಗೆ ಪರೀಕ್ಷೆ ಮಾಡುವುದು ಸರಿಯಲ್ಲ, ಅದರ ಮೇಲೆ ಚಿಕಿತ್ಸೆಯನ್ನೂ ನಿರ್ಧರಿಸಬಾರದು. ವರ್ಷಗಳು ಕಳೆದಂತೆ ಜ್ಞಾನ ಬೆಳೆದು ಅದೇ ಬದಲಾವಣೆ ಮೇಲಿನ ಅಥವಾ ಕೆಳಗಿನ ದರ್ಜೆಗೆ ಹೋಗಬಹುದು. ಹಾಗಾಗಿ ವರದಿಯನ್ನು ಜೋಪಾನವಾಗಿಟ್ಟು ಎರಡು ಮೂರು ವರ್ಷಕ್ಕೊಮ್ಮೆ ಮರುಪರಿಶೀಲನೆಗೆ ಕೇಳಬೇಕು.

ಯುರೋಪಿನವರ ಜೀನುಗಳ ಮೇಲೆ ಕಟ್ಟಿದ ದತ್ತಾಂಶವನ್ನು ನಮಗೆ ಅನ್ವಯಿಸಿದಾಗ ಈ ಗೊಂದಲ ಇನ್ನೂ ಹೆಚ್ಚುತ್ತದೆ. ಜೀನೋಮ್ ಇಂಡಿಯಾ ಯೋಜನೆ 10,000 ಭಾರತೀಯರ ಜೀನೋಮ್ ಓದಿ, 2025ರಲ್ಲಿ ಆ ದತ್ತಾಂಶವನ್ನು ಸಂಶೋಧಕರಿಗೆ ತೆರೆದಿಟ್ಟದ್ದು ಈ ಕಾರಣಕ್ಕೆ ದೊಡ್ಡ ವಿಷಯ. ಒಂದು ಉದಾಹರಣೆ ಕೊಡುತ್ತೇನೆ. ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಸಂಸ್ಥೆಯ ಕುಮಾರಸಾಮಿ ತಂಗರಾಜ್ ಮತ್ತು ಸಂಗಡಿಗರು 2009ರಲ್ಲಿ ಎಂವೈಬಿಪಿಸಿ3 ಜೀನಿನಲ್ಲಿ ಡಿಎನ್‌ಎಯ 25 ಅಕ್ಷರಗಳು ಅಳಿಸಿಹೋಗಿರುವ ಒಂದು ಬದಲಾವಣೆಯ ಬಗ್ಗೆ ಬರೆದರು. ದಕ್ಷಿಣ ಏಷ್ಯಾದವರಲ್ಲಿ ನೂರಕ್ಕೆ ಸುಮಾರು ನಾಲ್ಕು ಮಂದಿ ಇದನ್ನು ಹೊತ್ತಿದ್ದಾರೆ. ಹೃದಯ ಬಲಗುಂದುವ ಅಪಾಯಕ್ಕೂ ಇದಕ್ಕೂ ನಂಟು ಕಂಡಿತು. ಆದರೆ ಇದನ್ನು ಹೊತ್ತವರಲ್ಲಿ ಹೆಚ್ಚಿನವರಿಗೆ ಕಾಯಿಲೆ ಬರುವುದೇ ಇಲ್ಲ. ಇಂಥ ಫಲಿತಾಂಶವನ್ನು ‘ಇದೆ’ ಅಥವಾ ‘ಇಲ್ಲ’ ಎಂದು ಒಂದೇ ಮಾತಿನಲ್ಲಿ ಮುಗಿಸುವ ಜಾಹೀರಾತಿನ ಪರೀಕ್ಷೆಗಳಿಂದ ದೂರವಿರಿ. ವರದಿಯನ್ನು ಬಿಡಿಸಿ ಹೇಳುವ ಜೆನೆಟಿಕ್ ಕೌನ್ಸೆಲರ್ ಇರುವ ಕಡೆ ಹೋಗಿ. ಮಣಿಪಾಲದ ಕಸ್ತೂರಬಾ ವೈದ್ಯಕೀಯ ಕಾಲೇಜಿನಲ್ಲಿ ಇದಕ್ಕೆಂದೇ ವೈದ್ಯಕೀಯ ತಳಿವಿಜ್ಞಾನ ವಿಭಾಗವಿದೆ.

ಈ ಕ್ರಮ ಹೇಗೆ ಸಾಗುತ್ತದೆ ಎಂದು ನೋಡಲು ಕುಮಟಾ ಕಡೆಯ ಒಂದು ಕುಟುಂಬವನ್ನು ಕಲ್ಪಿಸಿಕೊಳ್ಳಿ. 42 ವರ್ಷದ ಅಣ್ಣನಿಗೆ ಎಚ್‌ಸಿಎಂ ಖಚಿತವಾಗಿದೆ. ಅವನ ರಕ್ತದಲ್ಲಿ ರೋಗಕಾರಕ ಬದಲಾವಣೆ ಸಿಕ್ಕಿತು. ಇನ್ನು ಉಳಿದವರಿಗೆ ಹತ್ತಾರು ಜೀನು ಓದುವುದು ಬೇಡ, ಆ ಒಂದೇ ಜಾಗವನ್ನು ನೋಡಿದರಾಯಿತು. ಖರ್ಚು ಬಹಳ ತಗ್ಗುತ್ತದೆ. ಮುಂಬೈಯಲ್ಲಿರುವ ತಮ್ಮನಲ್ಲಿ ಅದು ಇಲ್ಲ. ಅವನಿಗೂ ಅವನ ಮಕ್ಕಳಿಗೂ ಈ ಕಾಯಿಲೆಯ ಚಿಂತೆ ಅಲ್ಲಿಗೆ ಮುಗಿಯಿತು, ವರ್ಷವರ್ಷವೂ ಎಕೋ ಬೇಕಿಲ್ಲ. ಶಿರಸಿಗೆ ಮದುವೆಯಾದ ತಂಗಿಯಲ್ಲಿ ಬದಲಾವಣೆ ಇದೆ, ಎಕೋ ಮಾತ್ರ ಸರಿಯಾಗಿದೆ. ಅವಳು ಇನ್ನೂ ರೋಗಿಯಲ್ಲ. ಮೂರರಿಂದ ಐದು ವರ್ಷಕ್ಕೊಮ್ಮೆ ಇಸಿಜಿ, ಎಕೋ ಮಾಡಿಸಿಕೊಳ್ಳುತ್ತಿರಬೇಕು. ಅವಳ ಪ್ರತಿ ಮಗುವಿಗೂ ದೋಷ ಇಳಿದಿರುವ ಸಾಧ್ಯತೆ ಅರ್ಧಕ್ಕರ್ಧ. ಮೊದಲ ಮಗುವಿಗೆ ಬಂದಿದೆ ಎಂದರೆ ಎರಡನೆಯದು ಪಾರಾಯಿತು ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಬಂದಿರುವ ಮಕ್ಕಳಿಗೆ ಒಂದೆರಡು ವರ್ಷಕ್ಕೊಮ್ಮೆ ತಪಾಸಣೆ. 68ರ ಅಮ್ಮನ ರಕ್ತದಲ್ಲೂ ಅದೇ ಬದಲಾವಣೆ ಕಂಡರೆ ದೋಷ ಅವರ ತವರಿನಿಂದ ಬಂದದ್ದು. ಈಗ ಸೋದರಮಾವಂದಿರಿಗೂ ಚಿಕ್ಕಮ್ಮಂದಿರಿಗೂ ಸುದ್ದಿ ಮುಟ್ಟಬೇಕು. ಒಂದು ರಕ್ತದ ಕೊಳವೆಯಿಂದ ಆರಂಭವಾದದ್ದು ನಾಲ್ಕು ಮನೆಗಳ ಭವಿಷ್ಯವನ್ನು ತಿಳಿಗೊಳಿಸುತ್ತದೆ.

ಸೋದರಮಾವನನ್ನು, ಅತ್ತೆಯ ಮಗನನ್ನು ಮದುವೆಯಾಗುವ ರೂಢಿಯಿರುವ ಕುಟುಂಬಗಳಿಗೆ ಇನ್ನೊಂದು ಮಾತು. ಕೆಲವು ದೋಷಗಳು ತಂದೆತಾಯಿ ಇಬ್ಬರಿಂದಲೂ ಬಂದಾಗ ಮಾತ್ರ ಉಗ್ರವಾಗುತ್ತವೆ, ಸಂಬಂಧಿಕರಾದ ಗಂಡಹೆಂಡತಿ ಇಬ್ಬರೂ ಅದೇ ದೋಷವನ್ನು ಹೊತ್ತಿದ್ದರೆ ಪ್ರತಿ ಮಗುವಿಗೂ ಅಪಾಯ ನಾಲ್ಕರಲ್ಲಿ ಒಂದು ಪಾಲು. 1957ರಲ್ಲಿ ನಾರ್ವೆಯಲ್ಲಿ ವರದಿಯಾದ ಜೆರ್ವೆಲ್ ಲ್ಯಾಂಗೆ-ನೀಲ್ಸನ್ ಸಿಂಡ್ರೋಮ್ ಅಂಥದ್ದು: ಹುಟ್ಟುಕಿವುಡಿನ ಜೊತೆಗೆ ಲಾಂಗ್ ಕ್ಯೂಟಿ. ಹುಟ್ಟಿನಿಂದ ಕಿವಿ ಕೇಳದ ಮಗುವಿಗೆ ಒಮ್ಮೆಯಾದರೂ ಇಸಿಜಿ ಮಾಡಿಸಿ, ಅದರಲ್ಲೂ ಆ ಮಗು ಅತ್ತಾಗ, ಓಡಿದಾಗ ಎಚ್ಚರ ತಪ್ಪುತ್ತಿದ್ದರೆ ತಡಮಾಡಬೇಡಿ.

‘ಗೊತ್ತಾಗಿ ಏನು ಮಾಡುವುದು, ಜೀನು ಬದಲಿಸಲು ಆಗುತ್ತದೆಯೇ?’ ಎಂದು ಕೇಳುವವರಿದ್ದಾರೆ. ಮಾಡಲು ಬಹಳವಿದೆ. ಕೊಲೆಸ್ಟರಾಲಿನ ದೋಷಕ್ಕೆ ಮಕ್ಕಳಲ್ಲಿ 8ರಿಂದ 10ನೇ ವಯಸ್ಸಿನ ಹೊತ್ತಿಗೇ ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಆರಂಭಿಸಬಹುದು. ಲಾಂಗ್ ಕ್ಯೂಟಿಗೆ ಪ್ರೊಪ್ರನೊಲಾಲ್, ನಾಡೊಲಾಲ್‌ನಂಥ, ಹೃದಯದ ಬಡಿತ ತಗ್ಗಿಸುವ ಬೀಟಾ ಬ್ಲಾಕರ್ ಮಾತ್ರೆಗಳಿವೆ. ಹಠಾತ್ ಸಾವಿನ ಅಪಾಯ ಹೆಚ್ಚೆಂದು ಕಂಡವರಿಗೆ ಎದೆಯ ಚರ್ಮದಡಿ ಐಸಿಡಿ ಎಂಬ ಸಣ್ಣ ಸಾಧನ ಇಡುತ್ತಾರೆ, ತಾಳ ತಪ್ಪಿದ ಕ್ಷಣ ಅದೇ ಆಘಾತ ಕೊಟ್ಟು ಹೃದಯವನ್ನು ಸರಿದಾರಿಗೆ ತರುತ್ತದೆ. ಇನ್ನು ದುಡ್ಡಿಲ್ಲದೆ ಆಗುವ ಕೆಲಸ: ಲಾಂಗ್ ಕ್ಯೂಟಿ ಇರುವವರು ಒಬ್ಬರೇ ನೀರಿಗಿಳಿಯಬಾರದು, ಈಜಬಹುದೇ ಎಂಬುದನ್ನೇ ಮೊದಲು ವೈದ್ಯರಲ್ಲಿ ಕೇಳಬೇಕು. ವಾಂತಿಭೇದಿಯಾದಾಗ ಪೊಟ್ಯಾಶಿಯಂ ಇಳಿಯದಂತೆ ನೋಡಿಕೊಳ್ಳಬೇಕು. ಔಷಧದಂಗಡಿಯಲ್ಲಿ ಚೀಟಿಯಿಲ್ಲದೆ ಮಾತ್ರೆ ಕೊಳ್ಳುವುದನ್ನು ಪೂರ್ತಿ ಬಿಡಬೇಕು. ‘ಗ್ಯಾಸ್ ಮಾತ್ರೆ’ ಎಂದು ನಾವು ಕೇಳಿ ಪಡೆಯುವ ಎಷ್ಟೋ ಗುಳಿಗೆಗಳಲ್ಲಿ ಡೊಂಪೆರಿಡೋನ್ ಸೇರಿರುತ್ತದೆ, ಅದು ಕ್ಯೂಟಿಯನ್ನು ಇನ್ನಷ್ಟು ಉದ್ದ ಮಾಡುತ್ತದೆ. ಆಂಟಿಬಯಾಟಿಕ್ ಆದ ಅಜಿಥ್ರೊಮೈಸಿನ್, ವಾಂತಿ ನಿಲ್ಲಿಸುವ ಒಂಡಾನ್ಸೆಟ್ರಾನ್ ಕೂಡ ಹಾಗೆಯೇ. ಕಾಯಿಲೆಯ ಹೆಸರು ಬರೆದ ಚೀಟಿ ಕಿಸೆಯಲ್ಲಿರಲಿ, ಯಾವ ವೈದ್ಯರ ಬಳಿ ಹೋದರೂ ಮೊದಲು ಅದನ್ನು ತೋರಿಸಲಿ.

ನಮ್ಮ ಜಿಲ್ಲೆಯವರಿಗೆ ಮೊದಲೇ ತಿಳಿದಿರುವುದು ಉಳಿದವರಿಗಿಂತ ಹೆಚ್ಚು ಅಗತ್ಯ. ಶಿರಸಿಯಿಂದ ಹುಬ್ಬಳ್ಳಿಗೆ ಸುಮಾರು 100 ಕಿಲೋಮೀಟರ್. ಕಾರವಾರದಿಂದ ಮಣಿಪಾಲಕ್ಕೆ 200 ದಾಟುತ್ತದೆ. ಮಳೆಗಾಲದಲ್ಲಿ ಘಟ್ಟದ ರಸ್ತೆಯಲ್ಲಿ ಗುಡ್ಡ ಕುಸಿದರೆ ಅದೂ ಇಲ್ಲ. 2022ರ ಜುಲೈಯಲ್ಲಿ ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್ ಬಳಿ ಮಗುಚಿಬಿದ್ದ ಮೇಲೆ, ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗು ಎಷ್ಟು ಜೋರಾಗಿ ಎದ್ದಿತ್ತು ಎಂಬುದು ಇಲ್ಲಿನವರಿಗೆಲ್ಲ ನೆನಪಿದೆ. ಆ ಬೇಡಿಕೆ ನ್ಯಾಯವಾದದ್ದು. ಅದು ಈಡೇರಿದರೂ ಹೃದಯ ನಿಂತ ಮೇಲಿನ ಮೊದಲ ಹತ್ತು ನಿಮಿಷಕ್ಕೆ ಯಾವ ದೊಡ್ಡ ಆಸ್ಪತ್ರೆಯೂ ಎಟಕುವುದಿಲ್ಲ.

ಹೆದರಿಕೆಗಳ ಬಗ್ಗೆಯೂ ಮಾತಾಡಬೇಕು. ಮಗಳಿಗೆ ಸಂಬಂಧ ಕೂಡಿಬರಲಿಕ್ಕಿಲ್ಲ ಎಂಬ ಭಯ ತಾಯಂದಿರನ್ನು ಎಲ್ಲಕ್ಕಿಂತ ಹೆಚ್ಚು ಕಾಡುತ್ತದೆ. ಅದನ್ನು ಹಗುರವಾಗಿ ಕಾಣಲಾರೆ. ವರದಿ ಗೋಪ್ಯ, ಅದು ಊರಿಗೆ ಹೇಳುವ ವಿಷಯವಲ್ಲ; ವಯಸ್ಕರಾದ ಯಾರಿಗೂ ಪರೀಕ್ಷೆ ಬೇಡವೆನ್ನುವ ಹಕ್ಕೂ ಇದೆ. ಆದರೆ ರಕ್ತಸಂಬಂಧಿಗಳಿಂದ ಮುಚ್ಚಿಡುವುದನ್ನು ನಾನು ಒಪ್ಪುವುದಿಲ್ಲ. ಆಸ್ತಿ ಪಾಲಿನ ಜಗಳದಿಂದ ಮಾತು ಬಿಟ್ಟ ಅಣ್ಣತಮ್ಮಂದಿರಿದ್ದರೂ ವೈದ್ಯರಿಂದ ಒಂದು ಪತ್ರ ಬರೆಸಿ ಕಳುಹಿಸಬಹುದು. ವಿಮೆಯ ವಿಷಯದಲ್ಲಿ, ಎಚ್‌ಸಿಎಂ ಇದ್ದ ಒಬ್ಬರ ಕ್ಲೇಮನ್ನು ವಂಶವಾಹಿ ಕಾಯಿಲೆ ಎಂದು ಕಂಪನಿ ನಿರಾಕರಿಸಿದಾಗ, ಅಂಥ ಸಾರಾಸಗಟು ನಿರಾಕರಣೆ ತಾರತಮ್ಯವೆಂದು ದೆಹಲಿ ಹೈಕೋರ್ಟ್ 2018ರ ಫೆಬ್ರುವರಿಯಲ್ಲಿ ಹೇಳಿತು. ಅದರ ಬೆನ್ನಿಗೇ ವಿಮಾ ನಿಯಂತ್ರಣ ಪ್ರಾಧಿಕಾರವೂ ಕಂಪನಿಗಳಿಗೆ ಸೂಚನೆ ಕಳಿಸಿತು. ಪಾಲಿಸಿ ಕೊಳ್ಳುವಾಗ ಕೇಳಿದ್ದಕ್ಕೆ ನಿಜ ಹೇಳಿ, ಮುಚ್ಚಿಟ್ಟರೆ ಅದೇ ಮುಂದೆ ಕ್ಲೇಮಿಗೆ ಅಡ್ಡಿಯಾಗುತ್ತದೆ.

ಹೇಳಲು ಕಷ್ಟವಾದರೂ ಇನ್ನೊಂದು ಮಾತು. ಮನೆಯ ಎಳೆಯ ಜೀವ ಕಾರಣವಿಲ್ಲದೆ ಹೋದಾಗ ಮರಣೋತ್ತರ ಪರೀಕ್ಷೆ ಬೇಡವೆಂದು ಬಂಧುಗಳು ಕೈಮುಗಿಯುತ್ತಾರೆ. ಆ ಸಂಕಟ ಅರ್ಥವಾಗುತ್ತದೆ. ಉಳಿದ ಮಕ್ಕಳಿಗಾಗಿ ಒಪ್ಪಿಕೊಳ್ಳಿ ಎಂದು ಬೇಡುತ್ತೇನೆ. ಎಚ್‌ಸಿಎಂ ಆಗಿದ್ದರೆ ಹೃದಯದ ಗೋಡೆಯೇ ಹೇಳುತ್ತದೆ. ಲಾಂಗ್ ಕ್ಯೂಟಿ ಆಗಿದ್ದರೆ ಹೃದಯ ಸಹಜವಾಗಿ ಕಾಣುತ್ತದೆ, ಆಗ ಜೀನ್ ಪರೀಕ್ಷೆಯೇ ದಾರಿ. ಅದಕ್ಕಾಗಿ ಇಡಿಟಿಎ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಸ್ತು) ಹಾಕಿದ ಕೊಳವೆಯಲ್ಲಿ ಸ್ವಲ್ಪ ರಕ್ತವನ್ನು ತೆಗೆದಿಡಲು ವೈದ್ಯರನ್ನು ಕೇಳಿಕೊಳ್ಳಿ.

ಕಾಯಿಲೆ ಖಚಿತವಾದ ಮನೆಯಲ್ಲಿ ಕನಿಷ್ಠ ಇಬ್ಬರಾದರೂ ಎದೆ ಒತ್ತುವ ಪ್ರಥಮ ಚಿಕಿತ್ಸೆಯನ್ನು ಕಲಿತಿರಬೇಕು. ಹೃದಯ ನಿಂತ ಮೇಲೆ ವಿದ್ಯುತ್ ಆಘಾತದ ಚಿಕಿತ್ಸೆ ಸಿಗದೆ ಕಳೆಯುವ ಪ್ರತಿ ನಿಮಿಷಕ್ಕೆ ಬದುಕುವ ಸಾಧ್ಯತೆ ಶೇಕಡಾ 7ರಿಂದ 10ರಷ್ಟು ಇಳಿಯುತ್ತ ಹೋಗುತ್ತದೆ. ಎದೆ ಒತ್ತುತ್ತಿದ್ದರೆ ಆ ಇಳಿತ ನಿಧಾನವಾಗುತ್ತದೆ. ಬಿದ್ದವರು ಕರೆದರೆ ಓಗೊಡದೆ, ಸರಿಯಾಗಿ ಉಸಿರಾಡದೆ ಇದ್ದರೆ ನೀರು ಚಿಮುಕಿಸುತ್ತ, ಕೈಗೆ ಕಬ್ಬಿಣ ಕೊಡುತ್ತ ಹೊತ್ತು ಕಳೆಯಬೇಡಿ. ಒಬ್ಬರು 108ಕ್ಕೆ ಕರೆ ಮಾಡಲಿ. ಇನ್ನೊಬ್ಬರು ಅವರನ್ನು ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ, ಎದೆಯ ನಡುವೆ ಒಂದರ ಮೇಲೊಂದು ಅಂಗೈ ಇಟ್ಟು, ಮೊಣಕೈ ಬಗ್ಗಿಸದೆ, ಸುಮಾರು 5 ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತುತ್ತಿರಬೇಕು. ದಣಿದಾಗ ಇನ್ನೊಬ್ಬರಿಗೆ ಬಿಟ್ಟುಕೊಡಿ, ಆಂಬುಲೆನ್ಸ್ ಬರುವ ತನಕ ನಿಲ್ಲಿಸಬೇಡಿ.